ಮೂರು ಊರಿನ ಕಾಫಿ, ಒಂದು ಪ್ಯಾಕೆಟ್: ಸೀಸನಲ್ ಬ್ಲೆಂಡ್ ಮಾಡಲು ಹೊರಟವರಿಗೆ

ಈ ಮಳೆಗಾಲಕ್ಕೆ ಅಂತ ನಾನೂ ಇಬ್ಬರು ಗೆಳೆಯರೂ ಸೇರಿ ಒಂದು ಸೀಸನಲ್ ಕಾಫಿ ಬ್ಲೆಂಡ್, ಅಂದರೆ ಬೇರೆ ಬೇರೆ ಕಡೆಯ ಕಾಫಿಯ ಮಿಶ್ರಣ, ಮಾಡಿ ಮಾರಿದೆವು. ದೊಡ್ಡ ವ್ಯಾಪಾರವೇನಲ್ಲ, ಕಾಲು ಕೆಜಿಯ ಕೆಲವು ನೂರು ಪ್ಯಾಕೆಟ್. ಮೂಡಿಗೆರೆ ಕಡೆಯ ಅರೇಬಿಕಾ, ಕೊಡಗಿನ ಸುಂಟಿಕೊಪ್ಪದ ಹತ್ತಿರದ ರೊಬಸ್ಟಾ (ಇವೆರಡೂ ಕಾಫಿಯ ಬೇರೆ ಬೇರೆ ಜಾತಿ), ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಕಾಫಿ. ಎಲ್ಲ ಮುಗಿದು ಲೆಕ್ಕವೂ ಚುಕ್ತಾ ಆಯಿತು. ಈಗ 'ನಾವೂ ಹೀಗೆ ಮಾಡಬೇಕು, ಎಲ್ಲಿಂದ ಶುರು ಮಾಡೋದು' ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಫೋನಿನಲ್ಲಿ ಹೇಳಿದ್ದನ್ನೇ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಬ್ಲೆಂಡ್ ಅಂದರೆ ಹುರಿಯುವವನ ಕೈಚಳಕ ಅಂತ ಬಹಳ ಜನ ತಿಳಿದಿದ್ದಾರೆ. ಹುರಿಯೋದು ಕೊನೆಯ ಕೆಲಸ, ಇದ್ದುದರಲ್ಲಿ ಸುಲಭದ್ದು ಕೂಡ. ಅದಕ್ಕೂ ಮೊದಲು ಇರುವ ಅರ್ಧ ವರ್ಷ ಪೂರ್ತಿ ನಿಂತಿರೋದು ಒಂದೇ ಪ್ರಶ್ನೆಯ ಮೇಲೆ: ಬೆಳೆಗಾರರಿಗೆ ದುಡ್ಡು ಯಾವಾಗ ಕೊಡುತ್ತೀರಿ? ಎಷ್ಟು ಅನ್ನೋದು ಆಮೇಲಿನ ಮಾತು. ಜೂನ್ ತಿಂಗಳಲ್ಲಿ ಮಾರುವ ಕಾಫಿಗೆ ಡಿಸೆಂಬರ್‌ನಲ್ಲೇ ಕೈಯಲ್ಲಿ ಕಾಸಿರಬೇಕು. ಅದಿಲ್ಲದಿದ್ದರೆ ಉಳಿದದ್ದು ಓದಿಯೂ ಪ್ರಯೋಜನವಿಲ್ಲ.

ಕ್ಯಾಲೆಂಡರ್ ಹೀಗಿದೆ. ಅರೇಬಿಕಾ ನವೆಂಬರ್‌ನಿಂದ ಜನವರಿವರೆಗೆ ಹಣ್ಣಾಗುತ್ತದೆ. ರೊಬಸ್ಟಾ ಕೊಯ್ಲು ಜನವರಿ ಹೊತ್ತಿಗೆ ರಂಗೇರಿ ಮಾರ್ಚ್‌ವರೆಗೂ ಎಳೆಯುತ್ತದೆ. ಹಿಂದಿನ ವರ್ಷ ಮಾರ್ಚ್, ಏಪ್ರಿಲ್‌ನಲ್ಲಿ ಬಿದ್ದ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಒಂದೇ ಹದದಲ್ಲಿ ಬಂದಿದ್ದರೆ ಹಣ್ಣೂ ಒಟ್ಟಿಗೆ ಬರುತ್ತದೆ. ಅರ್ಧ ತೋಟಕ್ಕೆ ಮೊದಲು, ಇನ್ನರ್ಧಕ್ಕೆ ಎರಡು ವಾರ ಬಿಟ್ಟು ಮಳೆ ಬಿದ್ದಿದ್ದರೆ ಒಂದೇ ಗಿಡದಲ್ಲಿ ಕೆಂಪು ಹಣ್ಣು, ಹಸಿರು ಕಾಯಿ, ಒಣಗಿದ ಹಣ್ಣು ಮೂರೂ ಇರುತ್ತವೆ. ನಾವು ಹೋದ ಕಡೆ ಹೀಗೇ ಆಗಿತ್ತು.

ಮೂಡಿಗೆರೆ ಕಡೆ ನಮಗೆ ಸಿಕ್ಕವರು ಸಣ್ಣ ಬೆಳೆಗಾರರು. ಕಾಫಿ ಬೋರ್ಡಿನ ಲೆಕ್ಕದಲ್ಲಿ 10 ಹೆಕ್ಟೇರ್‌ವರೆಗೆ ಇರುವವರೆಲ್ಲ ಸಣ್ಣವರೇ. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಈ ಗುಂಪಿನವೇ. ಇವರದ್ದು ಮೂರು, ನಾಲ್ಕು ಎಕರೆ ಅಷ್ಟೇ. ಅರೇಬಿಕಾದ ಎಸ್. 795 ತಳಿ ಜಾಸ್ತಿ, ಅಲ್ಲಲ್ಲಿ ಚಂದ್ರಗಿರಿ ತಳಿ. ಬಿಳಿ ಕಾಂಡಕೊರಕ ಹುಳು ಹೊಡೆದ ಗಿಡಗಳನ್ನು ಕಿತ್ತು ಆ ಜಾಗಕ್ಕೆ ರೊಬಸ್ಟಾ ಹಾಕಿದ್ದರು. ಇದು ಇವರೊಬ್ಬರ ಕಥೆಯಲ್ಲ. ದೇಶದ ಕಾಫಿಯಲ್ಲಿ ಈಗ ಶೇಕಡಾ 70ರಷ್ಟು ರೊಬಸ್ಟಾ. ಅರೇಬಿಕಾ ಹುಡುಕಿಕೊಂಡು ಹೋದವರಿಗೆ 'ಇದ್ದದ್ದು ಇಷ್ಟೇ ಸ್ವಾಮಿ' ಅನ್ನುವ ಉತ್ತರ ಮೊದಲು ಸಿಗುತ್ತದೆ.

ನಾವು ಕೇಳಿದ್ದು ಪೂರ್ತಿ ಹಣ್ಣಾದದ್ದನ್ನು ಮಾತ್ರ. ಕೇಳೋದು ಸುಲಭ. ಕೊಯ್ಯುವವರಿಗೆ ಕೂಲಿ ಕೆಜಿ ಲೆಕ್ಕದಲ್ಲಿ. ಗಿಡದಿಂದ ಬರಬರನೆ ಎಳೆದು ಚೀಲ ತುಂಬಿಸಿದವರಿಗೆ ಸಂಜೆ ತಕ್ಕಡಿ ಹತ್ತಿರ ಜಾಸ್ತಿ ತೂಕ. ನಮ್ಮ ಮಾತು ಕೇಳಿ ಒಂದೊಂದೇ ಹಣ್ಣು ನೋಡಿ ಕಿತ್ತವರಿಗೆ ಕಡಿಮೆ. ಹಾಗಾಗಿ ನಮಗೆ ಬೇಕಾದ ಗಿಡಗಳಿಗೆ ಕೆಜಿ ಲೆಕ್ಕ ಬಿಟ್ಟು ದಿನಗೂಲಿ ಮಾಡಿ ಅಂದೆವು, ಹೆಚ್ಚಾದ ಖರ್ಚು ನಮ್ಮದು ಅಂದೆವು. ಬೆಳೆಗಾರರು ಒಪ್ಪಿದರು. ಮೇಸ್ತ್ರಿಗೆ ಇಷ್ಟವಿರಲಿಲ್ಲ. ಅವನ ಕಷ್ಟವೂ ನಿಜ. ಪಕ್ಕದ ತೋಟದಲ್ಲಿ ಕೆಜಿ ಲೆಕ್ಕದಲ್ಲಿ ಜಾಸ್ತಿ ಸಿಗುತ್ತದೆ ಅಂದರೆ ಮರುದಿನ ಬೆಳಿಗ್ಗೆ ಗುಂಪೇ ಅಲ್ಲಿಗೆ ಹೋಗಿಬಿಡುತ್ತದೆ.

ಆ ಗುಂಪಿನಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳಿದ್ದವು, ಬಯಲುಸೀಮೆಯ ಕೆಲವರಿದ್ದರು. ಕೊಡಗಿನ ತೋಟದಲ್ಲಿ ಯರವರು ಕೊಯ್ಯುತ್ತಿದ್ದರು. ಪ್ಯಾಕೆಟ್ ಮೇಲೆ ಬೆಳೆಗಾರರ ಫೋಟೊ ಹಾಕುವುದು ಈಗ ಫ್ಯಾಷನ್ ಆಗಿದೆ. ಕೊಯ್ದವರ ಬಗ್ಗೆ ಒಂದು ಸಾಲೂ ಇರಲ್ಲ. 'ಪ್ರತಿ ವರ್ಷ ಬೇರೆ ಬೇರೆಯವರು ಬರ್ತಾರೆ, ಏನಂತ ಹಾಕ್ತೀರಿ' ಅಂತ ತೋಟದವರು ಕೇಳಿದರು. ಹೆಸರು ಹಾಕಲಿಲ್ಲ. ಯಾವ ಕಡೆಯ ಜನ ಕೊಯ್ದರು, ಯಾವ ಲೆಕ್ಕದಲ್ಲಿ ಕೂಲಿ ಪಡೆದರು ಅನ್ನುವುದನ್ನು ಹಿಂಬದಿಯ ಲೇಬಲ್‌ನಲ್ಲಿ ಎರಡು ಸಾಲು ಬರೆದೆವು. ಅದು ಯಾವ ಕಾನೂನಿಗೂ ಬೇಕಾಗಿಲ್ಲ, ಆದರೆ ಜನ ಓದಿ ಮೆಸೇಜ್ ಮಾಡಿದ್ದು ಅದರ ಬಗ್ಗೆಯೇ ಜಾಸ್ತಿ.

ಒಂದು ಅಂದಾಜು ಇಟ್ಟುಕೊಳ್ಳಿ. ಸುಮಾರು ಆರು ಕೆಜಿ ಅರೇಬಿಕಾ ಹಣ್ಣಿಗೆ ಒಂದು ಕೆಜಿ ಕ್ಲೀನ್ ಕಾಫಿ (ಸಿಪ್ಪೆಯೆಲ್ಲ ತೆಗೆದ, ಹುರಿಯದ ಬೀಜ). ಹುರಿದಾಗ ಅದರಲ್ಲೂ ಆರನೇ ಒಂದು ಭಾಗದಷ್ಟು ತೂಕ ಗಾಳಿಗೆ ಹೋಗುತ್ತದೆ. ಅಂದರೆ ಒಂದು ಕೆಜಿ ಪುಡಿಯ ಹಿಂದೆ ಏಳು ಕೆಜಿ ಹಣ್ಣು. ಚೌಕಾಸಿಗೆ ಕೂರುವ ಮುಂಚೆ ಇದನ್ನು ಒಂದು ಸಲ ಮನಸ್ಸಿನಲ್ಲಿ ಹೇಳಿಕೊಂಡರೆ ಬಾಯಿಗೆ ಸ್ವಲ್ಪ ಲಗಾಮು ಬೀಳುತ್ತದೆ.

ಕೊಯ್ದ ಹಣ್ಣು ಅದೇ ದಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ, ಅಂದರೆ ಪಲ್ಪರ್‌ಗೆ ಹೋಗಬೇಕು. ಸಿಪ್ಪೆ ತೆಗೆದು, ತೊಟ್ಟಿಯಲ್ಲಿ ಒಂದು ದಿನದಷ್ಟು ಹುಳಿ ಬರಿಸಿ, ಅಂಟು ಬಿಡುವವರೆಗೆ ತೊಳೆದು, ಕಣಕ್ಕೆ ಹರಡುತ್ತಾರೆ. ಒಳಗಿನ ತೆಳು ಸಿಪ್ಪೆ ಹಾಗೇ ಉಳಿದ ಈ ಬೀಜಕ್ಕೆ ಪಾರ್ಚ್‌ಮೆಂಟ್ ಅನ್ನುತ್ತಾರೆ. ಬಿಸಿಲು ಚೆನ್ನಾಗಿದ್ದರೆ ಪಾರ್ಚ್‌ಮೆಂಟ್ ಏಳರಿಂದ ಹತ್ತು ದಿನದಲ್ಲಿ ಒಣಗುತ್ತದೆ. ಗಂಟೆಗೊಮ್ಮೆ ಕೆದರಬೇಕು, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಬೇಕು. ತೇವಾಂಶ ಶೇಕಡಾ 10ಕ್ಕೆ ಬಂದರೆ ಮುಗಿಯಿತು. ಮೀಟರ್ ಇಲ್ಲದ ಮನೆಗಳಲ್ಲಿ ಮಾಡುವ ಪರೀಕ್ಷೆ ನನಗೆ ಬಹಳ ಹಿಡಿಸಿತು. ಒಂದೇ ಡಬ್ಬಿಯಲ್ಲಿ ಅಳೆದು ದಿನಾ ತೂಕ ಬರೆದಿಡುತ್ತಾರೆ. ಎರಡು ದಿನ ತೂಕ ಇಳಿಯದಿದ್ದರೆ ಒಣಗಿತು ಅಂತ ಲೆಕ್ಕ. ಅಂಥ ಒಂದು ಮನೆಯ ಅಜ್ಜಿಗೆ ಅದೂ ಬೇಡ. ಒಂದು ಬೀಜ ಬಾಯಿಗೆ ಹಾಕಿ ಹಲ್ಲಿನಲ್ಲಿ ಕಚ್ಚಿ, 'ಇನ್ನೊಂದು ಬಿಸಿಲು ಬೇಕು' ಅಂದರು. ನಮ್ಮ ಮೀಟರ್ ಹಚ್ಚಿ ನೋಡಿದರೆ ಹನ್ನೊಂದು ಚಿಲ್ಲರೆ ತೋರಿಸಿತು. ಆಮೇಲೆ ನಾವು ಆ ಮೀಟರನ್ನು ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ.

ಈಗ ದುಡ್ಡಿನ ವಿಷಯ. ಮಾತಾಡಿಕೊಂಡಿದ್ದ ಮನೆಗಳಲ್ಲಿ ಒಂದು ಮನೆಯವರು ಪಾರ್ಚ್‌ಮೆಂಟ್ ಒಣಗಿದ ಸಂಜೆಯೇ ಬೇರೆಯವರಿಗೆ ಕೊಟ್ಟುಬಿಟ್ಟರು. ವ್ಯಾಪಾರಿಯ ಲಾರಿ ಕಣದ ಹತ್ತಿರವೇ ಬಂದಿತ್ತು, ನೋಟು ಎಣಿಸಿ ಕೈಗೆ ಕೊಟ್ಟಿದ್ದ. ನಾವು 'ಮುಂದಿನ ವಾರ ಹಾಕ್ತೀವಿ' ಅಂದಿದ್ದೆವು. ಕೋಪ ಬಂತು ನಿಜ. ಆದರೆ ಆ ವಾರವೇ ಕೂಲಿ ಬಟವಾಡೆ, ಸೊಸೈಟಿ ಸಾಲದ ಕಂತು, ಮಗಳ ಫೀಸು, ಎಲ್ಲ ಒಟ್ಟಿಗೆ ಬಂದಿತ್ತು ಅಂತ ಆಮೇಲೆ ಗೊತ್ತಾಯಿತು. ಅದೇ ಊರಿನ ಹಿರಿಯರೊಬ್ಬರು ಹಳೆಯದನ್ನು ನೆನಪಿಸಿದರು. ಒಂದು ಕಾಲದಲ್ಲಿ ಎಲ್ಲರ ಕಾಫಿಯೂ ಕಡ್ಡಾಯವಾಗಿ, ಬೋರ್ಡು ಎಲ್ಲರದ್ದನ್ನೂ ಒಟ್ಟು ಮಾಡಿ ಮಾರುತ್ತಿದ್ದ ಪೂಲ್‌ಗೆ ಹೋಗಬೇಕಿತ್ತಂತೆ, ಹಣ ಕಂತಿನಲ್ಲಿ ಬರುತ್ತಿತ್ತಂತೆ. ತೊಂಬತ್ತರ ದಶಕದಲ್ಲಿ ಒಂದೊಂದೇ ಕಟ್ಟು ಸಡಿಲಿಸಿ 1996ರಲ್ಲಿ ಪೂರ್ತಿ ಮುಕ್ತ ಮಾರುಕಟ್ಟೆ ಆಯಿತು. 'ಆಗ ಕಾಯೋದೇ ಕೆಲಸ, ಈಗ ಬೆಲೆ ನೋಡೋದೇ ಕೆಲಸ' ಅಂದರು. ಬೆಳಿಗ್ಗೆ ಎದ್ದು ಎಲ್ಲರೂ ಮೊಬೈಲ್‌ನಲ್ಲಿ ನೋಡುವುದು 50 ಕೆಜಿ ಚೀಲದ ಅಂದಿನ ರೇಟು. ಬ್ರೆಜಿಲ್‌ನಲ್ಲಿ ಬರ ಅಂದರೆ ಇಲ್ಲಿ ಚಹಾ ಅಂಗಡಿಯಲ್ಲೂ ಸುದ್ದಿ.

ಅದಾದ ಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಕೊಯ್ಲು ಶುರುವಾಗುವಾಗ ಮೂರನೇ ಒಂದು ಭಾಗ ಮುಂಗಡ. ಕಣದಿಂದ ಚೀಲ ಎತ್ತುವ ದಿನ ಅವತ್ತಿನ ಮಾರುಕಟ್ಟೆ ದರದ ಲೆಕ್ಕದಲ್ಲಿ ಬಾಕಿ ಪೂರ್ತಿ. ಹಣ್ಣು ಆರಿಸಿ ಕೊಯ್ದದ್ದಕ್ಕೆ, ಬೇರೆಯಾಗಿ ಒಣಗಿಸಿದ್ದಕ್ಕೆ ಚೀಲಕ್ಕೆ ಇಷ್ಟು ಅಂತ ಅದರ ಮೇಲೆ ಪ್ರೀಮಿಯಂ. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು. ಜೊತೆಗೆ ಪಹಣಿಯ ಒಂದು ಜೆರಾಕ್ಸ್. ಲೇಬಲ್‌ನಲ್ಲಿ ಊರಿನ ಹೆಸರು ಹಾಕುವುದಾದರೆ ಕಾಫಿ ಆ ಊರಿನದ್ದೇ ಅನ್ನುವುದಕ್ಕೆ ಕಾಗದ ಬೇಕಲ್ವಾ? ಇನ್ನೊಂದು ಮಾತು: ಬಾಬಾಬುಡನ್‌ಗಿರಿ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಕೊಡಗು ಅರೇಬಿಕಾ ಈ ಮೂರಕ್ಕೂ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆ ಹೆಸರುಗಳನ್ನು ಸುಮ್ನೆ ಅಂದಕ್ಕೆ ಅಂತ ಪ್ಯಾಕೆಟ್ ಮೇಲೆ ಹಾಕುವ ಹಾಗಿಲ್ಲ. ನಾವು ತಾಲ್ಲೂಕಿನ ಹೆಸರು ಮಾತ್ರ ಹಾಕಿದೆವು.

ಬಿಳಿಗಿರಿರಂಗನ ಬೆಟ್ಟದ ಕಥೆ ಬೇರೆ. ಸೋಲಿಗರ ಪೋಡುಗಳಲ್ಲಿ (ಹಾಡಿಗಳಲ್ಲಿ) ಮನೆಯ ಸುತ್ತ ಒಂದು, ಎರಡು ಎಕರೆಯಲ್ಲಿ ಕಾಡುಮರದ ನೆರಳಲ್ಲಿ ಅರೇಬಿಕಾ. 1974ರಲ್ಲಿ ಅಭಯಾರಣ್ಯ ಆದ ಮೇಲೆ ಅಲೆಮಾರಿ ಬೇಸಾಯ ನಿಂತಿತು. ಆಮೇಲೆ ಜೇನು, ನೆಲ್ಲಿಕಾಯಿ, ಪಾಚಿ (ಕಲ್ಲುಹೂವು) ಸಂಗ್ರಹಕ್ಕೂ ನಿಷೇಧ ಬಿತ್ತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶದ ಒಳಗೆ ಅಂಥ ಹಕ್ಕು ಪಡೆದ ಮೊದಲ ಬುಡಕಟ್ಟು ಇವರೇ. ಈ ನಡುವಿನ ವರ್ಷಗಳಲ್ಲಿ ಕೈ ಹಿಡಿದದ್ದು ಕಾಫಿ ಅಂತ ಅವರೇ ಹೇಳಿದರು.

ಅಲ್ಲಿ ಪಲ್ಪರ್ ಇಲ್ಲ, ಸಿಮೆಂಟ್ ಕಣ ಎಲ್ಲರಿಗೂ ಇಲ್ಲ. ಹಣ್ಣನ್ನು ಸಿಪ್ಪೆ ಸಮೇತ ಹಾಗೇ ಒಣಗಿಸುತ್ತಾರೆ, ಅದಕ್ಕೇ ಚೆರ್ರಿ ಅನ್ನುವುದು. ಮಳೆಗಾಲದಲ್ಲಿ ಕೂಲಿ ಸಿಗದ ದಿನಗಳಲ್ಲಿ ಯಾರೋ ಮುಂಗಡ ಕೊಟ್ಟಿರುತ್ತಾರೆ. ಹಣ್ಣು ಗಿಡದಲ್ಲಿರುವಾಗಲೇ ಅದು ಮುಂಗಡ ಕೊಟ್ಟವರ ಪಾಲಾಗಿರುತ್ತದೆ. ಹಾಗಾಗಿ 'ಜಾಸ್ತಿ ರೇಟು ಕೊಡ್ತೀವಿ' ಅಂತ ನಾವು ಹೇಳಿದ್ದಕ್ಕೆ ಯಾರೂ ಕುಣಿದಾಡಲಿಲ್ಲ. ಮೊದಲ ಸಲ ಹೋದಾಗ ಚಹಾ ಕೊಟ್ಟರು, ಬೆಟ್ಟದ ದೇವರು ರಂಗಯ್ಯ ನಮ್ಮ ಬಾವ, ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾಗಿ ಕಾಡಿನ ಅಳಿಯನಾದ ಅನ್ನುವ ಕಥೆ ಹೇಳಿದರು, ದೊಡ್ಡ ಸಂಪಿಗೆ ಮರ ನೋಡಿಕೊಂಡು ಹೋಗಿ ಅಂದರು. ಕಾಫಿ ಮಾತೇ ಇಲ್ಲ. ಮುಂದಿನ ಸಲ ಒಬ್ಬ ಹೆಂಗಸು ನೇರವಾಗಿ ಕೇಳಿದಳು, 'ಈ ವರ್ಷ ಬರ್ತೀರಿ ಸರಿ, ಬರೋ ವರ್ಷ?' ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇಲ್ಲದ ಭರವಸೆ ಕೊಡಲು ಮನಸ್ಸಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮೇಲೆ ಅವರು ಒಪ್ಪಿದರು. ಯಾರ ಕಾಫಿ ಮೇಲೆ ಮುಂಗಡದ ಹೊರೆ ಇರಲಿಲ್ಲವೋ ಆ ಮನೆಗಳಿಂದ ಮಾತ್ರ ಕೊಂಡೆವು. ಹಳೆ ಸಾಲ ನಾವೇ ತೀರಿಸಿ ಬಿಡಿಸಿಕೊಳ್ಳೋಣ ಅಂತ ಗೆಳೆಯ ಅಂದ. ಕಿಸೆಯಲ್ಲಿ ಅಷ್ಟು ಇರಲಿಲ್ಲ, ಇನ್ನೊಬ್ಬರ ಲೇವಾದೇವಿಯ ಮಧ್ಯೆ ತಲೆ ಹಾಕುವ ಧೈರ್ಯವೂ ಇರಲಿಲ್ಲ.

ಅಲ್ಲಿಗೆ ಹೋಗುವವರಿಗೆ ಒಂದೆರಡು ಮಾತು. ಸಂಜೆ ಮೇಲೆ ಅರಣ್ಯದ ಗೇಟು ಮುಚ್ಚುತ್ತಾರೆ. ಬೆಳಿಗ್ಗೆಯೇ ಹೋಗಿ ಮಧ್ಯಾಹ್ನವೇ ಚೀಲ ಹೇರಿಕೊಂಡು ಹೊರಡಿ. ಯಾರಿಂದ ಎಷ್ಟು ಚೀಲ ಕೊಂಡಿರಿ ಅನ್ನುವ ಚೀಟಿ ಕೈಯಲ್ಲಿರಲಿ, ಗೇಟಿನಲ್ಲಿ ಕೇಳುತ್ತಾರೆ. ನೆಟ್‌ವರ್ಕ್ ಎಲ್ಲ ಕಡೆ ಸಿಗಲ್ಲ. ಯುಪಿಐ ನಂಬಿಕೊಂಡು ಹೋದರೆ ತೂಕ ಮಾಡಿದ ಚೀಲದ ಮುಂದೆ ಮೊಬೈಲ್ ಎತ್ತಿ ಹಿಡಿದು ನಿಲ್ಲಬೇಕಾಗುತ್ತದೆ.

ಕೊಡಗಿನ ರೊಬಸ್ಟಾ ಕೊನೆಗೆ ಬಂತು, ಗೋಳೂ ಜಾಸ್ತಿ ಕೊಟ್ಟಿತು. ಅಲ್ಲಿ ಬಹುತೇಕರು ಚೆರ್ರಿಯಾಗಿ ಒಣಗಿಸಿ ಮಾರುತ್ತಾರೆ. ರೊಬಸ್ಟಾದ ಅಂಟು ಗಟ್ಟಿ, ತೊಳೆದು ಪಾರ್ಚ್‌ಮೆಂಟ್ ಮಾಡಲು ನೀರು, ಸಮಯ ಎರಡೂ ಬೇಕು. ಚೆರ್ರಿ ವ್ಯವಹಾರ ನಡೆಯುವುದು ಔಟ್‌ಟರ್ನ್ ಮೇಲೆ. 50 ಕೆಜಿ ಚೆರ್ರಿಗೆ ಎಷ್ಟು ಕೆಜಿ ಕ್ಲೀನ್ ಕಾಫಿ ಬರುತ್ತದೆ ಅನ್ನೋದು ಔಟ್‌ಟರ್ನ್. 26 ಬಂದರೆ ಒಂದು ರೇಟು, 28 ಬಂದರೆ ಇನ್ನೊಂದು. ಇದು ಗೊತ್ತಿಲ್ಲದೆ ಚೀಲದ ರೇಟು ಮಾತಾಡಬೇಡಿ. ಇನ್ನು ಫೆಬ್ರವರಿ ಕಳೆದರೆ ಕರಿಮೆಣಸಿನ ಹಣ ಕೈಗೆ ಬಂದಿರುತ್ತದೆ, ಕಾಫಿ ಮಾರುವ ಅವಸರ ಇರಲ್ಲ. 'ರೇಟು ಏರಲಿ, ನೋಡೋಣ' ಅಂತ ಚೀಲ ಒಳಗಿಡುತ್ತಾರೆ. ಅದು ಅವರ ಹಕ್ಕು. ಆದರೆ ನಮ್ಮ ಜೂನ್ ತಿಂಗಳು ಕಾಯಲ್ಲ.

ಮೊದಲು ಒಬ್ಬರು ಮಧ್ಯವರ್ತಿಯ ಮೂಲಕ ಸ್ಯಾಂಪಲ್ ಬಂತು. ನೋಡಲು ಚೆಂದ, ಬೀಜವೂ ದಪ್ಪ. ಹುರಿದು ಕುದಿನೀರು ಸುರಿದ ಕೂಡಲೇ ಮಣ್ಣಿನ ವಾಸನೆ. ಬರಿ ನೆಲದ ಮೇಲೆ ಒಣಗಿಸಿದ್ದು, ಮಧ್ಯೆ ಒಂದು ಅಕಾಲಿಕ ಮಳೆಗೂ ಸಿಕ್ಕಿದ್ದು. ಮಧ್ಯವರ್ತಿ 'ಹಾಲು ಹಾಕಿದ್ರೆ ಗೊತ್ತಾಗಲ್ಲ ಬಿಡಿ' ಅಂದ. ಹಾಲು ಹಾಕಿದೆವು. ಹಾಲಿಗೂ ಮಣ್ಣಿನ ವಾಸನೆ ಬಂತು. ಕೊನೆಗೆ ತೋಟದಲ್ಲೇ ಸ್ವಂತ ಪಲ್ಪರ್ ಇದ್ದ ಒಂದು ಮನೆಯವರು ಸ್ವಲ್ಪ ರೊಬಸ್ಟಾ ಪಾರ್ಚ್‌ಮೆಂಟ್ ಕೊಡಲು ಒಪ್ಪಿದರು. ಅಲ್ಲಿಗೆ ಚೀಲ ತರಲು ಹೋದ ದಿನ ತೋಟದೊಳಗೆ ಆನೆ ಹಿಂಡು ಇತ್ತು. ಕೂಲಿಯವರ ಲೈನ್ ಮನೆಯಿಂದ ಯಾರೂ ಹೊರಗೆ ಬರಲಿಲ್ಲ, ಕೊಯ್ಲೂ ಇಲ್ಲ, ಲೋಡಿಂಗೂ ಇಲ್ಲ. ಗಾಡಿ ಬಾಡಿಗೆ ಮಾತ್ರ ನಿಲ್ಲಲಿಲ್ಲ.

ಈಗ ಯಾರೂ ಹೇಳದ ಭಾಗಕ್ಕೆ ಬರುತ್ತೇನೆ: ಕ್ಯೂರಿಂಗ್. ಪಾರ್ಚ್‌ಮೆಂಟ್ ಸಿಪ್ಪೆ ತೆಗೆದು, ಗಾತ್ರದ ಪ್ರಕಾರ ಬೇರೆ ಮಾಡಿ, ಕೆಟ್ಟ ಬೀಜ ಆರಿಸಿ ಕೊಡುವ ಜಾಗ. ಹಾಸನ, ಚಿಕ್ಕಮಗಳೂರು, ಕುಶಾಲನಗರ, ಈ ಊರುಗಳಲ್ಲಿ ದೊಡ್ಡ ದೊಡ್ಡ ಕ್ಯೂರಿಂಗ್ ವರ್ಕ್ಸ್ ಇವೆ. ಅವರ ಯಂತ್ರಗಳು ಟನ್ ಲೆಕ್ಕದಲ್ಲಿ ಓಡುತ್ತವೆ. ನಮ್ಮದು ಬೆರಳೆಣಿಕೆಯ ಚೀಲ. ಒಂದು ಕಡೆ ಗೇಟಿನಲ್ಲೇ ನಕ್ಕರು. ಇನ್ನೊಂದು ಕಡೆ ತಗೊಂಡರು, ಆದರೆ 'ಬೇರೆ ಲಾಟ್ ಜೊತೆ ಸೇರಿಸಿ ಹೊಡೆದು, ಅಷ್ಟೇ ತೂಕ ವಾಪಸ್ ಕೊಡ್ತೀವಿ' ಅಂದರು. ತೂಕ ಅಷ್ಟೇ ಇರಬಹುದು, ಕಾಫಿ ಯಾರದ್ದು? ಏಳು ಕೆಜಿ ಹಣ್ಣು ಆರಿಸಿ ಕೊಯ್ಯಿಸಿದ್ದು ಇದಕ್ಕಾ?

ಸಣ್ಣ ಹಲ್ಲರ್ (ಪಾರ್ಚ್‌ಮೆಂಟ್ ಸಿಪ್ಪೆ ಸುಲಿಯುವ ಯಂತ್ರ) ಇರುವ ಒಂದು ಜಾಗ ಸಿಗುವವರೆಗೆ ಚೀಲಗಳು ಗೆಳೆಯನ ಮಾವನ ಮನೆಯ ಅಟ್ಟದಲ್ಲಿ ಕೂತಿದ್ದವು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಹೊಸ ಕಾಫಿಗೆ ಒಂದು ಹಸಿ ಹುಲ್ಲಿನ ರುಚಿ ಇರುತ್ತದೆ. ಪಾರ್ಚ್‌ಮೆಂಟ್ ಸಿಪ್ಪೆಯೊಳಗೇ ಒಂದೆರಡು ತಿಂಗಳು ಇದ್ದರೆ ಅದು ಇಳಿದು ಹದ ಬರುತ್ತದೆ. ಆದ್ದರಿಂದ ಬೇಗ ಸಿಪ್ಪೆ ತೆಗೆಸುವ ಅವಸರ ಬೇಡ. ಚೀಲ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ, ಗೋಡೆಗೂ ತಾಗಬಾರದು. ಗೊಬ್ಬರ, ಮೆಣಸು, ಸೀಮೆಎಣ್ಣೆ ಇರುವ ಕೋಣೆಯಲ್ಲಂತೂ ಬೇಡವೇ ಬೇಡ.

ಹಲ್ಲಿಂಗ್ ಆದ ದಿನ ಮಾತ್ರ ಎದೆ ಧಸಕ್ಕೆಂದಿತು. 50 ಕೆಜಿ ಪಾರ್ಚ್‌ಮೆಂಟ್‌ಗೆ 40 ಕೆಜಿಯ ಹತ್ತಿರ ಕ್ಲೀನ್ ಕಾಫಿ ಬರಬೇಕು, ಬಂತು. ಆದರೆ ಜರಡಿ ಹಿಡಿದಾಗ ಅದು ಎ, ಬಿ, ಪೀಬೆರಿ (ಹಣ್ಣಿನಲ್ಲಿ ಒಂದೇ ಇರುವ ದುಂಡು ಬೀಜ), ಸಿ, ನುಚ್ಚು ಅಂತ ಐದು ಗುಡ್ಡೆ ಆಯಿತು. ನಮಗೆ ಬೇಕಾಗಿದ್ದು ಎ ಮತ್ತು ಪೀಬೆರಿ. ದುಡ್ಡು ಕೊಟ್ಟಿದ್ದು ಎಲ್ಲದಕ್ಕೂ. ಬಿ ಗ್ರೇಡ್ ಕುಡಿದು ನೋಡಿದೆವು. ಗಾತ್ರ ಸಣ್ಣದು ಅನ್ನೋದು ಬಿಟ್ಟರೆ ರುಚಿಯಲ್ಲಿ ಏನೂ ಕೊರತೆ ಇಲ್ಲ, ಅದನ್ನೂ ಸೇರಿಸಿದೆವು. ಸಿ ಮತ್ತು ನುಚ್ಚು ಊರಿನ ಪುಡಿ ಅಂಗಡಿಗೆ ಸಿಕ್ಕಷ್ಟಕ್ಕೆ ಹೋಯಿತು. ನೀವು ಲೆಕ್ಕ ಹಾಕುವಾಗ ಈ ಉಳಿಕೆಯನ್ನು ಮರೆಯದೇ ಹಾಕಿ. ಕ್ಲೀನ್ ಕಾಫಿಯ ನಿಜವಾದ ಬೆಲೆ ಗೊತ್ತಾಗುವುದು ಈ ಗುಡ್ಡೆಗಳ ಮುಂದೆ ನಿಂತಾಗಲೇ.

ಆಮೇಲೆ ಕೈಯಲ್ಲಿ ಆರಿಸುವ ಕೆಲಸ. ಬಿಳಿ ಬಟ್ಟೆ ಹಾಸಿ ಮನೆಯವರೆಲ್ಲ ಕೂತೆವು. ಪೂರ್ತಿ ಕಪ್ಪಾದದ್ದು, ಕಾಯಿಕೊರಕ ಸೂಜಿಮೊನೆಯಷ್ಟು ತೂತು ಮಾಡಿದ್ದು, ಅರ್ಧ ಮುರಿದದ್ದು, ಹಳದಿ ಬಣ್ಣಕ್ಕೆ ತಿರುಗಿದ್ದು. ಸೋಲಿಗರ ಚೆರ್ರಿಯಲ್ಲಿ ಇಂಥವು ಜಾಸ್ತಿ ಇದ್ದವು, ಸಮಯವೂ ಅದಕ್ಕೇ ಜಾಸ್ತಿ ಹಿಡಿಯಿತು. ಆದರೆ ಆರಿಸಿ ಉಳಿದ ಬೀಜ ಹುರಿದು ಕುಡಿದಾಗ, ಮೂರರಲ್ಲಿ ಎಲ್ಲರೂ ಮತ್ತೆ ಮತ್ತೆ ಎತ್ತಿಕೊಂಡ ಲೋಟ ಅದೇ. ಹಣ್ಣಿನ ಸಿಹಿ, ಹಿಂದೆ ಸ್ವಲ್ಪ ಬೆಲ್ಲದ ಪಾಕದಂಥ ವಾಸನೆ. ಬೆಂಗಳೂರಿನ ಕಾಫಿ ಬೋರ್ಡಿನಲ್ಲಿ ಶುಲ್ಕ ಕಟ್ಟಿದರೆ ಸ್ಯಾಂಪಲ್ ಪರೀಕ್ಷೆ ಮಾಡಿ ಕೊಡುತ್ತಾರೆ. ಹುರಿಯುವುದು, ಕಲಸುವುದು ಕಲಿಯಬೇಕು ಅನ್ನುವವರಿಗೆ ಅವರದ್ದೇ ಕಾಪಿ ಶಾಸ್ತ್ರ ಅನ್ನುವ ತರಬೇತಿಯೂ ಇದೆ. ಮೊದಲೇ ಹೆಸರು ನೋಂದಾಯಿಸಿ, ಸೀಟು ಬೇಗ ತುಂಬುತ್ತದೆ.

ಪ್ರಮಾಣ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅರ್ಧದಷ್ಟು ಮೂಡಿಗೆರೆ ಅರೇಬಿಕಾ, ಶೇಕಡಾ 30 ರೊಬಸ್ಟಾ ಪಾರ್ಚ್‌ಮೆಂಟ್, 20 ಸೋಲಿಗರ ಚೆರ್ರಿ. ಗುಟ್ಟೇನೂ ಇಲ್ಲ, ಸೋಲಿಗರದ್ದು ಇನ್ನೂ ಇದ್ದಿದ್ದರೆ 30 ಹಾಕುತ್ತಿದ್ದೆವು. ಚಿಕೋರಿ ಬೇಕಾ ಬೇಡವಾ ಅಂತ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ನಮ್ಮಮ್ಮನಿಗೆ ಚಿಕೋರಿ ಇಲ್ಲದ ಡಿಕಾಕ್ಷನ್ ಡಿಕಾಕ್ಷನ್ನೇ ಅಲ್ಲ. ರೊಬಸ್ಟಾ ಪ್ರಮಾಣ ಏರಿಸಿ ಮಂದ ತಂದ ಮೇಲೆ ಅರೆಮನಸ್ಸಿನಿಂದ ಪಾಸು ಮಾಡಿದರು. ಚಿಕೋರಿ ಹಾಕುವವರು ನೆನಪಿಡಿ: ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರುವ ಹಾಗಿಲ್ಲ, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಎದ್ದು ಕಾಣುವ ಹಾಗೆ ಹಾಕಲೇಬೇಕು.

ಕಾಗದ ಪತ್ರದ ಕೆಲಸವನ್ನು ಕೊಯ್ಲಿನ ಜೊತೆಜೊತೆಗೇ ಶುರು ಮಾಡಿ. ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಆನ್‌ಲೈನ್, ಫೋಸ್ಕೋಸ್ ಪೋರ್ಟಲ್‌ನಲ್ಲಿ. ನಾವು ಅರ್ಜಿ ಹಾಕಿದಾಗ ವರ್ಷದ ವಹಿವಾಟು 12 ಲಕ್ಷದೊಳಗಿನವರಿಗೆ ಬೇಸಿಕ್ ನೋಂದಣಿ, ಶುಲ್ಕ ವರ್ಷಕ್ಕೆ 100 ರೂಪಾಯಿ. ದಲ್ಲಾಳಿಗಳು ಇದೇ ಕೆಲಸಕ್ಕೆ ಸಾವಿರಗಟ್ಟಲೆ ಕೇಳುತ್ತಾರೆ, ಅಗತ್ಯವಿಲ್ಲ. ಫೋಟೊ, ಗುರುತಿನ ಚೀಟಿ, ವಿಳಾಸದ ದಾಖಲೆ ಸಾಕು. ನಮ್ಮ ಅರ್ಜಿ ಒಮ್ಮೆ ವಾಪಸ್ ಬಂತು. ಕರೆಂಟ್ ಬಿಲ್ಲು ಮನೆ ಮಾಲೀಕರ ಹೆಸರಲ್ಲಿತ್ತು. ಅವರಿಂದ ಒಪ್ಪಿಗೆ ಪತ್ರ ಬೇಕಾಯಿತು, ಅವರು ಮಗಳ ಮನೆಗೆ ಹೋಗಿದ್ದರು. ಹೀಗೇ ವಾರಗಳು ಜಾರುತ್ತವೆ. ಬಾಡಿಗೆ ಮನೆಯಲ್ಲಿರುವವರು ಆ ಪತ್ರವನ್ನು ಮೊದಲೇ ಬರೆಸಿಕೊಳ್ಳಿ.

ಬೇರೆಯವರ ಯೂನಿಟ್‌ನಲ್ಲಿ ಹುರಿಸುವುದಾದರೆ ಲೇಬಲ್‌ನಲ್ಲಿ ಅವರ ಲೈಸೆನ್ಸ್ ನಂಬರೂ ನಿಮ್ಮದೂ ಎರಡೂ ಬರಬೇಕು. ನಿವ್ವಳ ತೂಕ, ಎಂಆರ್‌ಪಿ, ಗ್ರಾಂ ಲೆಕ್ಕದ ಬೆಲೆ, ತಯಾರಾದ ತಿಂಗಳು, ವರ್ಷ, ಗ್ರಾಹಕರು ಕರೆ ಮಾಡಲು ನಂಬರ್, ಇವೆಲ್ಲ ತೂಕ ಮತ್ತು ಅಳತೆ ನಿಯಮದಲ್ಲಿ ಕಡ್ಡಾಯ. ಪ್ಯಾಕರ್ ಅಂತ ಪ್ರತ್ಯೇಕ ನೋಂದಣಿಯೂ ಇದೆ, ಅದಕ್ಕೆ 500 ರೂಪಾಯಿ. ಜಿಎಸ್‌ಟಿ ಹುರಿದ ಕಾಫಿಗೆ ಶೇಕಡಾ 5. ಸಣ್ಣ ವಹಿವಾಟಿನವರಿಗೆ ನೋಂದಣಿ ಕಡ್ಡಾಯವಲ್ಲ, ಆದರೆ ಹೊರ ರಾಜ್ಯಕ್ಕೆ ಆನ್‌ಲೈನ್ ಜಾಲತಾಣಗಳ ಮೂಲಕ ಮಾರುವ ಆಸೆ ಇದ್ದರೆ ಲೆಕ್ಕ ಬದಲಾಗುತ್ತದೆ. ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಅರ್ಧ ಗಂಟೆ ಕೂತು ಕೇಳಿಕೊಳ್ಳಿ. ನಾವು ಕರ್ನಾಟಕದೊಳಗೇ, ಅಂಗಡಿ ಮತ್ತು ಪರಿಚಯದವರ ಮೂಲಕವೇ ಮಾರಿದೆವು.

ಪ್ರಿಂಟ್ ಆದ ಪೌಚ್ ಬೇಕೆಂದರೆ ಸಾವಿರಗಟ್ಟಲೆ ತಗೊಳ್ಳಬೇಕು. ಸಾದಾ ಪೌಚ್ ತಂದು ಸ್ಟಿಕ್ಕರ್ ಅಂಟಿಸಿ, ಅಷ್ಟೇ. ಪೌಚ್‌ನಲ್ಲಿ ಗಾಳಿ ಹೊರಗೆ ಮಾತ್ರ ಬಿಡುವ ವಾಲ್ವ್ ಇರಲಿ. ಹುರಿದ ಕಾಫಿ ಕೆಲವು ದಿನ ಅನಿಲ ಬಿಡುತ್ತಲೇ ಇರುತ್ತದೆ. ವಾಲ್ವ್ ಇಲ್ಲದಿದ್ದರೆ ಪ್ಯಾಕೆಟ್ ಉಬ್ಬಿ ಅಂಟು ಬಿಡುತ್ತದೆ.

ಹುರಿದದ್ದು ಮೂರನ್ನೂ ಬೇರೆ ಬೇರೆಯಾಗಿ, ಕಲಸಿದ್ದು ಆಮೇಲೆ. ರೊಬಸ್ಟಾ ಗಟ್ಟಿ, ಚೆರ್ರಿ ಬೇಗ ಬಣ್ಣ ತಿರುಗುತ್ತದೆ, ಒಟ್ಟಿಗೆ ಹಾಕಿದರೆ ಒಂದು ಸೀದು ಇನ್ನೊಂದು ಹಸಿ. ಹೊರಗೆ ಮುಂಗಾರು ಹಿಡಿದಿತ್ತು, ಚೀಲ ಬಿಚ್ಚಿಟ್ಟರೆ ಬೀಜ ತೇವ ಎಳೆಯುತ್ತದೆ. ಹುರಿಯುವ ದಿನವೇ ಬಿಚ್ಚಿದೆವು. ಅದರ ಬಗ್ಗೆ ಹೇಳುವುದು ಇಷ್ಟೇ.

ಲೆಕ್ಕ ಹೇಳುತ್ತೇನೆ. ಹುರಿಯದ ಬೀಜ ಮೂರೂ ಸೇರಿ ಸರಾಸರಿ ಕೆಜಿಗೆ 600 ರೂಪಾಯಿಯ ಹತ್ತಿರ ಬಿತ್ತು. ಹುರಿದು ತೂಕ ಇಳಿದ ಮೇಲೆ ಅದೇ 720. ಹುರಿಸುವ ಕೂಲಿ 80, ನಾಲ್ಕು ಪೌಚ್ ಮತ್ತು ಸ್ಟಿಕ್ಕರ್ 70. ಅಲ್ಲಿಗೆ 870. ಕಾಲು ಕೆಜಿಗೆ 320 ಇಟ್ಟೆವು, ಅಂದರೆ ಕೆಜಿಗೆ 1,280. ಅಂಗಡಿಯವರಿಗೆ ಶೇಕಡಾ 25 ಬಿಟ್ಟರೆ ನಮ್ಮ ಕೈಗೆ 960. ಉಳಿದ 90 ರೂಪಾಯಿಯಲ್ಲಿ ಗಾಡಿ ಬಾಡಿಗೆ, ಸ್ಯಾಂಪಲ್ ಪರೀಕ್ಷೆ, ಹಾಳಾದ ಪೌಚು, ಎಲ್ಲ ಕಳೆಯಬೇಕು. ನೇರವಾಗಿ ಮಾರಿದ ಪ್ಯಾಕೆಟ್‌ಗಳಿಂದ ಮಾತ್ರ ಸ್ವಲ್ಪ ಉಳಿಯಿತು. ನಮ್ಮ ಮೂವರ ಕೂಲಿ ಇದರಲ್ಲಿ ಸೇರಿಲ್ಲ. '320 ಜಾಸ್ತಿ ಅಲ್ವಾ' ಅಂದವರು ಬಹಳ. ಈ ಲೆಕ್ಕ ತೋರಿಸಿದ ಮೇಲೆ ಅರ್ಧ ಜನ ಕೊಂಡರು, ಉಳಿದವರು ಲೆಕ್ಕ ಚೆನ್ನಾಗಿದೆ ಅಂದು ಹೋದರು.

ಮುಂದಿನ ವರ್ಷದ ಮಾತು ಈಗಾಗಲೇ ಶುರುವಾಗಿದೆ. ಪೋಡಿನಿಂದ ಫೋನ್ ಬಂದಿತ್ತು. ಒಣಗಿಸಲು ಎತ್ತರದ ಜಾಲರಿ ಮಂಚ ಹಾಕಿಸಿಕೊಡಿ, ಅದರ ಖರ್ಚನ್ನು ಕಾಫಿ ಹಣದಲ್ಲಿ ಹಿಡಿದುಕೊಳ್ಳಿ ಅಂದಿದ್ದಾರೆ. ಮುಂಗಡ ಜುಲೈ, ಆಗಸ್ಟ್‌ನಲ್ಲೇ ಬೇಕಂತೆ, ಯಾಕಂದರೆ ಬೇರೆಯವರು ಕೊಡುವುದೂ ಆಗಲೇ. ಮೂಡಿಗೆರೆಯವರು ಈ ಸಲದ ಪ್ರೀಮಿಯಂ ಸಾಲದು, ಕೂಲಿ ಏರಿದೆ ಅಂದಿದ್ದಾರೆ. ಕೊಡಗಿನವರು ರೊಬಸ್ಟಾ ಪಾರ್ಚ್‌ಮೆಂಟ್ ಮಾಡುವುದು ಖಾತ್ರಿ ಇಲ್ಲ, ನೀರು ನೋಡಿಕೊಂಡು ಹೇಳುತ್ತೇವೆ ಅಂದಿದ್ದಾರೆ. ನಾವು ಮಂಚದ ಕೊಟೇಶನ್ ತರಿಸಿದ್ದೇವೆ. ಯಳಂದೂರಿನಲ್ಲಿ ವೆಲ್ಡಿಂಗ್ ಮಾಡುವವರು ಒಂದಕ್ಕೆ ಹೇಳಿದ ರೇಟು ಮೈಸೂರಿನವರಿಗಿಂತ ಕಡಿಮೆ, ಸಾಗಾಣಿಕೆಯೂ ಉಳಿಯುತ್ತದೆ. ಯಾರಿಗಾದರೂ ಅಳತೆ ಬೇಕಾದರೆ ಕೇಳಿ, ಕಳಿಸುತ್ತೇನೆ.